ಬೀದಿಬದಿಯ ಬಡವನ ಕಥೆ ಯಾರ ಸೊತ್ತು?

ಕೆಲವು ಕೆಡುಕುಗಳು ಕೆಡುಕಿನ ರೂಪದಲ್ಲಿಯೇ ಬರುತ್ತವೆ. ಅವುಗಳನ್ನು ಗುರುತಿಸುವುದು ಸುಲಭ. ಮನೆಯ ಹಿರಿಯರು ಗದರಿಸುತ್ತಾರೆ, ಮಿಂಬರಿನ ಮೇಲಿನಿಂದ ಖತೀಬರು ಎಚ್ಚರಿಸುತ್ತಾರೆ. ಇನ್ನು ಕೆಲವು ಪುಣ್ಯಕಾರ್ಯದ ಉಡುಪು ತೊಟ್ಟು ಬರುತ್ತವೆ. ಅವುಗಳನ್ನು ನಾವೇ ಎದುರುಗೊಂಡು ಸ್ವಾಗತಿಸುತ್ತೇವೆ, ಮಕ್ಕಳಿಗೆ ಮಾದರಿಯೆಂದು ತೋರಿಸುತ್ತೇವೆ. ಬೀದಿಯಲ್ಲಿ ಕಂಡ ಅಪರಿಚಿತರ ಚಿತ್ರ ತೆಗೆದು, ಅವರ ಕಷ್ಟಸುಖ ಕೇಳಿ, ಅದನ್ನು ಲೋಕಕ್ಕೆಲ್ಲ ಹಂಚುವ ಇಂದಿನ ರೂಢಿಯಲ್ಲಿ ಈ ಎರಡನೆಯ ಬಗೆಯ ಕೆಡುಕು ಬಹಳಷ್ಟು ಬೆರೆತುಹೋಗಿದೆ ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಬಡವನ ಮಾತು ಕೇಳುವುದು ತಪ್ಪೇ ಎಂದು ಯಾರಾದರೂ ಪ್ರಶ್ನಿಸಬಹುದು. ಕೇಳುವುದು ಖಂಡಿತ ತಪ್ಪಲ್ಲ. ಕೇಳಿದ ಮೇಲೆ ಆ ಮಾತನ್ನು ನಾವು ಏನು ಮಾಡಿದೆವು ಎಂಬುದರ ಬಗ್ಗೆಯೇ ಈ ಬರಹ.

ಈ ರೂಢಿಯ ಮೂಲ ದೂರದ್ದು. ಬ್ರಾಂಡನ್ ಸ್ಟಾಂಟನ್ ಎಂಬ ಅಮೆರಿಕದ ಯುವಕ ತನ್ನ ಉದ್ಯೋಗ ಕಳೆದುಕೊಂಡ ಬಳಿಕ 2010ರಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ಕಂಡವರ ಚಿತ್ರ ತೆಗೆಯತೊಡಗಿದರು. ಹತ್ತು ಸಾವಿರ ನಗರವಾಸಿಗಳ ಚಿತ್ರಗಳನ್ನು ನಗರದ ನಕಾಶೆಯ ಮೇಲೆ ಜೋಡಿಸಬೇಕೆಂಬುದು ಅವರ ಮೊದಲ ಯೋಜನೆಯಾಗಿತ್ತು. ಬರಬರುತ್ತ ಚಿತ್ರದ ಜೊತೆಗೆ ಆ ವ್ಯಕ್ತಿ ಆಡಿದ ಮಾತುಗಳನ್ನೂ ಬರೆದರು. 'ಹ್ಯೂಮನ್ಸ್ ಆಫ್ ನ್ಯೂಯಾರ್ಕ್' ಎಂಬ ಆ ಪುಟವನ್ನು ಜಗತ್ತೇ ಓದಿತು. 2013ರಲ್ಲಿ ಅದು ಪುಸ್ತಕವೂ ಆಯಿತು. 2014ರಲ್ಲಿ ನಮ್ಮ ದೇಶದಲ್ಲಿ 'ಹ್ಯೂಮನ್ಸ್ ಆಫ್ ಬಾಂಬೆ' ಹುಟ್ಟಿಕೊಂಡಿತು. ಆಮೇಲೆ ಈ ಮಾದರಿ ಊರೂರಿಗೆ ಹರಡಿತು. ಇಂದು ದೊಡ್ಡ ಕ್ಯಾಮರಾ ಬೇಕಾಗಿಲ್ಲ, ಬರೆಯಲು ಬರಬೇಕೆಂದೂ ಇಲ್ಲ. ಕೈಯಲ್ಲೊಂದು ಮೊಬೈಲು, ಎದುರಿಗೊಬ್ಬ ಬಡವ, ಹಿನ್ನೆಲೆಗೊಂದು ಕರುಣಾಜನಕ ಸಂಗೀತ ಇದ್ದರೆ ಸಾಕು, ರೀಲ್ಸ್ ಸಿದ್ಧ.

ನಮ್ಮ ಆಲಮಟ್ಟಿಯೂ ಇದರಿಂದ ಹೊರತಾಗಿ ಉಳಿದಿಲ್ಲ. ಕೃಷ್ಣೆಯ ಆಣೆಕಟ್ಟು, ರಾಕ್ ಗಾರ್ಡನ್, ಸಂಜೆಯ ಸಂಗೀತ ಕಾರಂಜಿಗಳನ್ನು ನೋಡಲು ರಜೆಯ ದಿನಗಳಲ್ಲಿ ಜನ ತಂಡತಂಡವಾಗಿ ಬರುತ್ತಾರೆ. ಹೂವು, ಕಾರಂಜಿಗಳ ಚಿತ್ರ ತೆಗೆದು ಮುಗಿದ ಮೇಲೆ ಕೆಲವರ ಕಣ್ಣು ರಸ್ತೆಬದಿಯ ಮನುಷ್ಯರ ಮೇಲೆ ಬೀಳುತ್ತದೆ. ನಾವು ಬಲ್ಲ ವೃದ್ಧರೊಬ್ಬರು ಅಲ್ಲಿ ಶೇಂಗಾ ಮಾರುತ್ತಿದ್ದರು. ಇಬ್ಬರು ಯುವಕರು ಅವರ ಪಕ್ಕದಲ್ಲಿ ಕುಳಿತು, ಹತ್ತು ರೂಪಾಯಿಯ ಶೇಂಗಾ ಕೊಂಡು, "ಅಜ್ಜಾರ, ಮಕ್ಕಳು ನೋಡಂಗಿಲ್ಲೇನ್ರೀ?" ಎಂದು ಕೇಳಿದರು. ಅಜ್ಜ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋಡಿ, ದನಿ ತಗ್ಗಿಸಿ, ಗೋವಾದಲ್ಲಿ ಗೌಂಡಿ ಕೆಲಸ ಮಾಡುವ ಇಬ್ಬರು ಮಕ್ಕಳ ಬಗ್ಗೆ ನಾಲ್ಕು ಮಾತು ಆಡಿಬಿಟ್ಟರು. ಅಂದು ಅವರ ಮನಸ್ಸು ನೊಂದಿತ್ತು. ನೊಂದ ದಿನ ಯಾವ ತಂದೆಯೂ ಆಡಬಹುದಾದ ಮಾತುಗಳು ಅವು.

ಕೆಲವೇ ದಿನಗಳಲ್ಲಿ ಆ ಮಾತು ಗೋವಾದ ಕಟ್ಟಡ ಕೆಲಸಗಾರರ ಶೆಡ್ಡುಗಳನ್ನು ತಲುಪಿತು. ತಮ್ಮ ಕೂಲಿಯಲ್ಲಿ ಉಳಿಸಿ ತಿಂಗಳಿಗೊಮ್ಮೆ ಹಣ ಕಳುಹಿಸುತ್ತಿದ್ದ ಮಕ್ಕಳು ಜೊತೆಗಾರರ ಎದುರು ತಲೆ ತಗ್ಗಿಸಿದರು. ಹಿರಿಯ ಮಗ ಆ ವರ್ಷ ಈದ್‌ಗೆ ಊರಿಗೆ ಬರಲಿಲ್ಲ. ವೃದ್ಧರು ಆ ಜಾಗದಲ್ಲಿ ಕೂಡುವುದನ್ನೇ ಬಿಟ್ಟರು. ವೀಡಿಯೋದ ಕೆಳಗೆ ಮಾತ್ರ ಕಣ್ಣೀರಿನ ಚಿಹ್ನೆಗಳು, ಮಕ್ಕಳಿಗೆ ಶಾಪಗಳು ಬಂದು ಬೀಳುತ್ತಲೇ ಇದ್ದವು. ಚಿತ್ರೀಕರಿಸಿದವರನ್ನು ಕೇಳಿದರೆ, "ಅಜ್ಜ ಬೇಡ ಅನ್ನಲಿಲ್ಲವಲ್ಲ" ಎಂದಾರು. ನಿಜ, ಅವರು ಬೇಡ ಎನ್ನಲಿಲ್ಲ. ಆ ಮಾತು ಎಷ್ಟು ದೂರ ಹೋಗುತ್ತದೆ ಎಂದು ಅವರಿಗೆ ಯಾರೂ ಹೇಳಲೂ ಇಲ್ಲ.

ಇಲ್ಲಿ ಪ್ರವಾದಿವರ್ಯರ(ಸ) ಒಂದು ಬೋಧನೆಯನ್ನು ನೆನೆಯಬೇಕು. ಜಾಬಿರ್ ಬಿನ್ ಅಬ್ದುಲ್ಲಾಹ್(ರ) ಅವರಿಂದ ವರದಿಯಾಗಿ ಅಬೂದಾವೂದ್ ಮತ್ತು ತಿರ್ಮಿದಿ ಗ್ರಂಥಗಳಲ್ಲಿರುವ ಹದೀಸ್ ಅದು. ಒಬ್ಬನು ಮಾತಾಡುವಾಗ ಸುತ್ತಮುತ್ತ ತಿರುಗಿ ನೋಡಿದರೆ ಆ ಮಾತು ಕೇಳಿದವನ ಬಳಿ ಅಮಾನತ್ತಾಗಿ ಉಳಿಯುತ್ತದೆ ಎಂಬುದು ಅದರ ತಾತ್ಪರ್ಯ. ಇದನ್ನು ಗುಟ್ಟಾಗಿಡು ಎಂದು ಅವನು ಬಾಯಿಬಿಟ್ಟು ಹೇಳಬೇಕಿಲ್ಲ. ಕುತ್ತಿಗೆ ತಿರುಗಿದ್ದೇ ಸಾಕ್ಷಿ. ಆ ವೀಡಿಯೋವನ್ನು ನಾವು ನೋಡಿದ್ದೇವೆ. ಅಜ್ಜ ಎಡಕ್ಕೂ ಬಲಕ್ಕೂ ತಿರುಗಿ ನೋಡಿದ್ದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸಹಜವಾಗಿ ಬಂದಿದೆಯೆಂದು ಅದನ್ನು ಕತ್ತರಿಸದೆ ಉಳಿಸಿಕೊಂಡಿದ್ದರು! ಅಮಾನತ್ತಿನ ಗುರುತನ್ನೂ ಸೇರಿಸಿಯೇ ಅಮಾನತ್ತನ್ನು ಬೀದಿಗೆ ಎಸೆದಂತಾಯಿತು.

ಹಾಗಾದರೆ ಆ ಕಥೆ ಯಾರ ಸೊತ್ತು? ಈ ಪ್ರಶ್ನೆಯ ಅಂಚನ್ನು ನಮ್ಮ ದೇಶದ ನ್ಯಾಯಾಲಯವೂ ಒಮ್ಮೆ ಮುಟ್ಟಿದೆ. 2023ರಲ್ಲಿ 'ಹ್ಯೂಮನ್ಸ್ ಆಫ್ ಬಾಂಬೆ' ಸಂಸ್ಥೆಯು 'ಪೀಪಲ್ ಆಫ್ ಇಂಡಿಯಾ' ಎಂಬ ಮತ್ತೊಂದು ಪುಟದ ವಿರುದ್ಧ ದೆಹಲಿ ಹೈಕೋರ್ಟಿನಲ್ಲಿ ಕೃತಿಸ್ವಾಮ್ಯದ ದಾವೆ ಹೂಡಿತು. ತನ್ನ ಚಿತ್ರಗಳನ್ನೂ ಬರಹಗಳನ್ನೂ ನಕಲು ಮಾಡಲಾಗಿದೆ ಎಂಬುದು ಅದರ ದೂರು. ನ್ಯೂಯಾರ್ಕಿನ ಸ್ಟಾಂಟನ್ ಅವರೇ ಆಗ ಬಹಿರಂಗವಾಗಿ ಪ್ರತಿಕ್ರಿಯಿಸಿ, ತಾನು ಯಾವುದನ್ನು ಕ್ಷಮಿಸಿ ಸುಮ್ಮನಿದ್ದೆನೋ ಅದೇ ಕಾರಣಕ್ಕೆ ಇನ್ನೊಬ್ಬರ ಮೇಲೆ ದಾವೆ ಹೂಡುವುದು ಸರಿಯಲ್ಲ ಎಂಬರ್ಥದ ಮಾತು ಆಡಿದರು. ಕಥೆ ಹೇಳಿಸುವ ಇಂತಹ ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಆದರೆ ಒಬ್ಬರ ಕೃತಿಯನ್ನು ಇನ್ನೊಬ್ಬರು ನಕಲು ಮಾಡಬಾರದು ಎಂದು ಹೈಕೋರ್ಟು ಹೇಳಿತು. ಕಾನೂನಿನ ದೃಷ್ಟಿಯಲ್ಲಿ ಅದು ಸರಿಯಾದ ತೀರ್ಮಾನವೇ. ಆದರೆ ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ವಾದಿಯೊಂದು ಕಂಪೆನಿ, ಪ್ರತಿವಾದಿಯೊಂದು ಕಂಪೆನಿ. ಯಾರ ಹಸಿವು, ಯಾರ ವೈಧವ್ಯ, ಯಾರ ಕಾಯಿಲೆ ಆ ಕಥೆಗಳಲ್ಲಿತ್ತೋ ಅವರು ಆ ಕಟಕಟೆಯಲ್ಲಿ ಎಲ್ಲಿಯೂ ಇರಲಿಲ್ಲ. ಬೆಳೆದವನನ್ನು ಹೊರಗಿಟ್ಟು ವರ್ತಕರಿಬ್ಬರು ರಾಶಿಗಾಗಿ ಜಗಳವಾಡಿದಂತೆ ಇದು.

ಛಾಯಾಚಿತ್ರವು ಧರ್ಮಸಮ್ಮತವೋ ಅಲ್ಲವೋ ಎಂಬ ಚರ್ಚೆಗೆ ನಾವು ಇಲ್ಲಿ ಹೋಗುವುದಿಲ್ಲ. ಆ ಕುರಿತು ಉಲಮಾಗಳಲ್ಲಿ ಭಿನ್ನ ಅಭಿಪ್ರಾಯಗಳಿವೆ. ಸಮ್ಮತವೆನ್ನುವವರಿಗೂ ನಮ್ಮ ಪ್ರಶ್ನೆ ತಪ್ಪಿದ್ದಲ್ಲ. ಅನುಮತಿಯಿಲ್ಲದೆ ಪರರ ಮನೆಯೊಳಗೆ ಕಾಲಿಡಬಾರದೆಂದು ಸೂರಃ ಅನ್ನೂರ್ ಆಜ್ಞಾಪಿಸುತ್ತದೆ. ಹಿಂತಿರುಗಿ ಎಂದು ಹೇಳಿದರೆ ಹಿಂತಿರುಗುವುದೇ ಪರಿಶುದ್ಧ ಮಾರ್ಗವೆಂದೂ ಅಲ್ಲಿಯೇ ತಿಳಿಸಲಾಗಿದೆ. ಮೂರು ಬಾರಿ ಅನುಮತಿ ಕೇಳಿಯೂ ದೊರೆಯದಿದ್ದರೆ ಮರಳಿಬಿಡಬೇಕೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಬಂಗಲೆಯಲ್ಲಿರುವವನಿಗೆ ಗೋಡೆಯಿದೆ, ಗೇಟಿದೆ, ಕಾವಲುಗಾರನಿದ್ದಾನೆ. ಅವನ ಊಟದ ತಟ್ಟೆಯ ಚಿತ್ರ ತೆಗೆಯಲು ಯಾರೂ ಧೈರ್ಯ ಮಾಡುವುದಿಲ್ಲ. ಬಸ್ ನಿಲ್ದಾಣದಲ್ಲಿ ಮಲಗುವವನಿಗೆ ತಟ್ಟಲು ಒಂದು ಬಾಗಿಲೂ ಇಲ್ಲ. ಬಾಗಿಲಿಲ್ಲ ಎಂಬ ಕಾರಣಕ್ಕೆ ಅನುಮತಿಯೂ ಬೇಕಿಲ್ಲವೆಂದು ಭಾವಿಸುವುದು ಬಡತನದ ಮೇಲೆ ಮಾಡುವ ಅತಿಕ್ರಮಣವಲ್ಲದೆ ಮತ್ತೇನು?

2025ರಲ್ಲಿ ನಮ್ಮ ರಾಜಧಾನಿ ಬೆಂಗಳೂರಿನಲ್ಲಿ ಏನು ನಡೆಯಿತೆಂದು ಪತ್ರಿಕೆ ಓದುವವರಿಗೆ ಗೊತ್ತು. ಮೇ ತಿಂಗಳಿನಲ್ಲಿ ಮೆಟ್ರೋ ರೈಲಿನ ಮಹಿಳಾ ಪ್ರಯಾಣಿಕರನ್ನು ಅವರಿಗೆ ತಿಳಿಯದಂತೆ ಚಿತ್ರೀಕರಿಸಿ ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಿದ್ದ ಪ್ರಕರಣ ಬಯಲಾಯಿತು. ಜುಲೈ ತಿಂಗಳಿನಲ್ಲಿ ಚರ್ಚ್ ಸ್ಟ್ರೀಟಿನಂತಹ ಕಡೆ ಬೀದಿಯ ನೋಟಗಳೆಂಬ ನೆಪದಲ್ಲಿ ಹೆಣ್ಣುಮಕ್ಕಳನ್ನು ಹಿಂಬಾಲಿಸಿ ಚಿತ್ರೀಕರಿಸಿದ ಸಂಗತಿಯನ್ನು ಯುವತಿಯೊಬ್ಬರು ಧೈರ್ಯದಿಂದ ಹೊರಗೆಡಹಿದರು. ಎರಡರಲ್ಲೂ ಪೊಲೀಸರು ಬಂಧಿಸಿದರು. ಕಥೆ ಕೇಳುವವರನ್ನೂ ಈ ಕಾಮುಕ ಕಣ್ಣುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನಮ್ಮ ಉದ್ದೇಶವಲ್ಲ. ಆದರೆ ಬೀದಿಯಲ್ಲಿರುವವರೆಲ್ಲ ನನ್ನ ಕ್ಯಾಮರಾಕ್ಕೆ ಸೇರಿದವರು ಎಂಬ ಭಾವನೆ ಒಮ್ಮೆ ಬೇರುಬಿಟ್ಟರೆ ಅದರ ಕವಲುಗಳು ಎಲ್ಲಿಗೆ ಚಾಚುತ್ತವೆ ಎಂಬುದಕ್ಕೆ ಇವು ನಿದರ್ಶನಗಳು. ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸರ್ವಾನುಮತದಿಂದ ಸಾರಿತು. ಆ ಮೊಕದ್ದಮೆಗೆ ಹೆಸರಾದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ದೃಷ್ಟಿ ತಗ್ಗಿಸಿರೆಂದು ಕುರ್‌ಆನ್ ವಿಶ್ವಾಸಿಗಳಿಗೆ ಹೇಳಿ ಹದಿನಾಲ್ಕು ಶತಮಾನಗಳು ಕಳೆದಿವೆ. ಮೊಬೈಲಿನ ಕಣ್ಣು ಆ ಆಜ್ಞೆಯಿಂದ ಹೊರಗಿದೆಯೇ?

ಚಿತ್ರ ತೆಗೆಸಿಕೊಂಡವರ ಪಾಡನ್ನೂ ನೋಡೋಣ. 1984ರಲ್ಲಿ ಪೇಶಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ ಹಸಿರು ಕಣ್ಣಿನ ಅಫ್ಘಾನ್ ಬಾಲಕಿಯೊಬ್ಬಳ ಚಿತ್ರವನ್ನು ಸ್ಟೀವ್ ಮೆಕರ್ರಿ ತೆಗೆದರು. 1985ರ ಜೂನ್ ತಿಂಗಳ 'ನ್ಯಾಷನಲ್ ಜಿಯಾಗ್ರಫಿಕ್' ಮುಖಪುಟದಲ್ಲಿ ಬಂದ ಆ ಮುಖ ಜಗತ್ತಿನಲ್ಲೆಲ್ಲ ಪ್ರಸಿದ್ಧವಾಯಿತು. ಆದರೆ ಆಕೆಯ ಹೆಸರು ಶರ್ಬತ್ ಗುಲಾ ಎಂದು ಜಗತ್ತಿಗೆ ತಿಳಿದದ್ದು 2002ರಲ್ಲಿ! ಹದಿನೇಳು ವರ್ಷ ಲೋಕವು ಹೆಸರನ್ನೂ ಕೇಳದೆ ಆ ಕಣ್ಣುಗಳನ್ನು ಮೆಚ್ಚಿತು. 2016ರಲ್ಲಿ ಗುರುತಿನ ಚೀಟಿಯ ಪ್ರಕರಣದಲ್ಲಿ ಪಾಕಿಸ್ತಾನ ಆಕೆಯನ್ನು ಬಂಧಿಸಿ ಅಫ್ಘಾನಿಸ್ತಾನಕ್ಕೆ ಕಳುಹಿಸಿತು. ಆ ಚಿತ್ರದಿಂದ ತನಗೆ ಲಾಭಕ್ಕಿಂತ ತೊಂದರೆಯೇ ಹೆಚ್ಚಾಯಿತೆಂದು ಆಕೆ ಆಮೇಲೆ ಹೇಳಿಕೊಂಡರು.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2002ರ ಅಹಮದಾಬಾದಿನ ಗಲಭೆಯಲ್ಲಿ ಕೈಮುಗಿದು ಪ್ರಾಣಭಿಕ್ಷೆ ಬೇಡುತ್ತಿದ್ದ ದರ್ಜಿ ಕುತುಬುದ್ದೀನ್ ಅನ್ಸಾರಿಯವರ ಚಿತ್ರವನ್ನು ಮರೆತವರಿಲ್ಲ. ರಾಯಿಟರ್ಸ್ ಸಂಸ್ಥೆಯ ಆರ್ಕೋ ದತ್ತ ತೆಗೆದ ಆ ಚಿತ್ರ ಜುಲುಮಿಗೆ ಸಾಕ್ಷಿಯಾಯಿತು. ಅಂತಹ ಸಾಕ್ಷ್ಯ ಅಗತ್ಯವಾಗಿತ್ತು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಸಾಕ್ಷ್ಯದ ಬೆಲೆಯನ್ನು ತೆತ್ತವರು ಯಾರು? ಆ ಮುಖದ ಕಾರಣದಿಂದಲೇ ಅವರು ಕೆಲಸ ಕಳೆದುಕೊಂಡರು, ಮಾಲೇಗಾಂವ್ ಮತ್ತು ಕೋಲ್ಕತಾಗಳಿಗೆ ವಲಸೆ ಹೋದರು, ಮತ್ತೆ ಅಹಮದಾಬಾದಿಗೆ ಮರಳಿದರು. ವರ್ಷಗಳ ಬಳಿಕವೂ ಚುನಾವಣಾ ಪ್ರಚಾರಕ್ಕೆ ಆ ಕೈಮುಗಿದ ಚಿತ್ರವನ್ನು ಬಳಸಿದಾಗ ಅವರು ನೊಂದು ಆಕ್ಷೇಪಿಸಿದರು. ಒಬ್ಬ ಮನುಷ್ಯನ ಬದುಕಿನ ಅತ್ಯಂತ ನಿಸ್ಸಹಾಯಕ ಕ್ಷಣವು ಎಲ್ಲರ ಸೊತ್ತಾಯಿತು. ಅದನ್ನು ಮರೆಯುವ ಹಕ್ಕು ಅವರೊಬ್ಬರಿಗೆ ಮಾತ್ರ ಇಲ್ಲವಾಯಿತು.

ಇಂತಹ ಚಿತ್ರಗಳಿಂದ ಒಳಿತಾಗಿಲ್ಲವೇ ಎಂದು ಕೇಳುವವರಿದ್ದಾರೆ. ಆಗಿದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 2015ರಲ್ಲಿ ಸ್ಟಾಂಟನ್ ಪಾಕಿಸ್ತಾನಕ್ಕೆ ಹೋಗಿ, ಇಟ್ಟಿಗೆ ಭಟ್ಟಿಗಳ ಜೀತದಾಳುಗಳ ಬಿಡುಗಡೆಗಾಗಿ ಹೋರಾಡುತ್ತಿದ್ದ ಸೈಯದಾ ಗುಲಾಮ್ ಫಾತಿಮಾ ಅವರ ಕುರಿತು ಬರೆದಾಗ ಕೆಲವೇ ದಿನಗಳಲ್ಲಿ 20 ಲಕ್ಷ ಡಾಲರಿಗೂ ಹೆಚ್ಚು ನೆರವು ಹರಿದುಬಂತು. ಆದರೆ ಆ ಬರಹದಲ್ಲಿ ಏನಿತ್ತೆಂದು ಗಮನಿಸಿ. ಜೀತ ಎಂಬ ಅನ್ಯಾಯವನ್ನು ಅದರ ಹೆಸರಿನಿಂದಲೇ ಕರೆಯಲಾಗಿತ್ತು. ಅದರ ವಿರುದ್ಧ ನಿಂತ ಮಹಿಳೆ ತಿಳಿದೂ ತಿಳಿದೂ ಲೋಕದ ಮುಂದೆ ಬಂದಿದ್ದರು. ನಮ್ಮ ಊರುಗಳ ರೀಲ್ಸ್‌ಗಳಲ್ಲಿ ಕಾಣುವುದು ಇದರ ತಲೆಕೆಳಗು: ಬಡವನ ಮುಖ ಢಾಳಾಗಿ ಕಾಣುತ್ತದೆ, ಅವನನ್ನು ಆ ಸ್ಥಿತಿಗೆ ತಂದ ವ್ಯವಸ್ಥೆಯ ಹೆಸರು ಎಲ್ಲಿಯೂ ಇಲ್ಲ.

ಅಪರಿಚಿತರ ಕಥೆ ಕೇಳುವ ಬಗೆ ಹೇಗೆಂದು ನಮಗೆ ಕಲಿಸಲು ನ್ಯೂಯಾರ್ಕ್ ಬೇಕಾಗಿಲ್ಲ. ಖಲೀಫಾ ಉಮರ್(ರ) ರಾತ್ರಿ ಹೊತ್ತು ತಮ್ಮ ಸೇವಕ ಅಸ್ಲಮರೊಂದಿಗೆ ಮದೀನಾದ ಹೊರವಲಯದಲ್ಲಿ ಸುತ್ತುವಾಗ ಒಲೆಯ ಬೆಳಕು ಕಂಡು ಅತ್ತ ಹೋದ ಪ್ರಸಂಗವನ್ನು ನಮ್ಮ ಮಕ್ಕಳೂ ಬಲ್ಲರು. ಹತ್ತಿರ ಬರಬಹುದೇ ಎಂದು ಅನುಮತಿ ಕೇಳಿಯೇ ಅವರು ಮುಂದೆ ಹೋದರು. ಹಸಿದ ಮಕ್ಕಳನ್ನು ಸುಮ್ಮನಾಗಿಸಲು ತಾಯಿಯೊಬ್ಬಳು ಬರಿ ನೀರನ್ನು ಕುದಿಸುತ್ತಿದ್ದಳು. ಎದುರಿಗಿರುವವರು ಯಾರೆಂದು ತಿಳಿಯದ ಆಕೆ ಖಲೀಫರ ವಿರುದ್ಧವೇ ಅಲ್ಲಾಹನಿಗೆ ದೂರಿಟ್ಟಳು. ಉಮರ್(ರ) ಓಡೋಡಿ ಧಾನ್ಯದ ಕೋಠಿಗೆ ಹೋಗಿ ಹಿಟ್ಟಿನ ಚೀಲವನ್ನು ತಾವೇ ಬೆನ್ನ ಮೇಲೆ ಹೊತ್ತರು. ನಾನು ಹೊರುತ್ತೇನೆಂದ ಅಸ್ಲಮರಿಗೆ, ಅಂತಿಮ ದಿನದಂದೂ ನನ್ನ ಹೊರೆ ನೀನು ಹೊರುವೆಯಾ ಎಂದು ಕೇಳಿದರು. ತಾವೇ ಒಲೆ ಊದಿ, ಬೇಯಿಸಿ, ಮಕ್ಕಳು ಉಂಡು ನಗುವವರೆಗೂ ಅಲ್ಲಿಯೇ ಇದ್ದರು. ತಾನು ಯಾರೆಂದು ಕೊನೆಗೂ ಹೇಳಲಿಲ್ಲ.

ಈ ಪ್ರಸಂಗವನ್ನು ಅಸ್ಲಮರು ಆಮೇಲೆ ಹೇಳಿದರು; ಹೇಳಿದ್ದರಿಂದಲೇ ಅದು ನಮಗೆ ತಲುಪಿದೆ. ಆದ್ದರಿಂದ ಇತರರ ಸಂಕಟವನ್ನು ಹೇಳಲೇಬಾರದೆಂದು ನಾವು ವಾದಿಸುತ್ತಿಲ್ಲ. ಹೇಗೆ ಹೇಳಿದರೆಂಬುದನ್ನು ನೋಡಿ. ಆ ತಾಯಿಯ ಹೆಸರು ನಮಗೆ ಗೊತ್ತಿಲ್ಲ, ಆಕೆಯ ಕುಲ ಗೊತ್ತಿಲ್ಲ. ಆ ಮಕ್ಕಳು ದೊಡ್ಡವರಾದ ಮೇಲೆ ಬೆಂಕಿಯಲ್ಲಿ ಬರಿ ನೀರು ಕುದಿದ ಮನೆಯವರೆಂದು ಯಾರೂ ಬೆರಳು ತೋರಿಸುವಂತಿರಲಿಲ್ಲ. ಕಥೆಯಲ್ಲಿ ಸ್ಪಷ್ಟವಾಗಿ ಉಳಿದ ಹೆಸರು ಒಂದೇ, ಅದು ಉತ್ತರ ಕೊಡಬೇಕಾದ ಆಡಳಿತಗಾರನದು. ನೊಂದವರ ಮಾನಕ್ಕೆ ಮರೆ, ಹೊಣೆಗಾರನ ಮೇಲೆ ಬೆಳಕು! ನಮ್ಮ ಪರಂಪರೆಯ ಕಥನಧರ್ಮ ಇದು. ಇಂದಿನ ರೀಲ್ಸ್ ಈ ಧರ್ಮವನ್ನು ಮಗುಚಿ ಹಾಕಿದೆ.

ಆಲಮಟ್ಟಿಯವರಾದ ನಮಗೆ ಇದು ಬರಿಯ ತತ್ತ್ವವಲ್ಲ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಈ ಜಲಾಶಯವನ್ನು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಮರು ನಾಡಿಗೆ ಸಮರ್ಪಿಸಿದರು. ನೀರು 519.60 ಮೀಟರಿಗೆ ನಿಂತಾಗ ಅದರ ಹಿಂದೆ ಊರುಗಳು, ಹೊಲಗಳು, ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿದವು. ಮಟ್ಟವನ್ನು 524.256 ಮೀಟರಿಗೆ ಏರಿಸುವ ಯೋಜನೆ ಇನ್ನೂ ಬಾಕಿಯಿದೆ. ಅದಕ್ಕಾಗಿ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರವೆಂದು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ಮುಳುಗಡೆಯ ಜನರ ಕಥೆ ಕೇಳಲು ಬರುವವರು ಹಿನ್ನೀರಿನ ದಂಡೆಯಲ್ಲಿ ಮುದುಕರನ್ನು ಕೂರಿಸಿ, ಸೂರ್ಯ ಮುಳುಗುವ ಹೊತ್ತಿಗೆ ಕಣ್ಣೀರು ಬರುವಂತೆ ಮಾತಾಡಿಸುತ್ತಾರೆ. ಎಕರೆಗೆ ಅಂದು ಎಷ್ಟು ಸಿಕ್ಕಿತು, ಹಕ್ಕುಪತ್ರ ಯಾವ ಕಚೇರಿಯಲ್ಲಿ ನಿಂತಿದೆ, ಪುನರ್ವಸತಿ ಕೇಂದ್ರಕ್ಕೆ ನೀರು ಬರುತ್ತದೆಯೇ ಎಂದು ಕೇಳಿದ ಒಂದು ರೀಲ್ಸನ್ನೂ ನಾವು ಈವರೆಗೆ ಕಂಡಿಲ್ಲ. ಕಣ್ಣೀರು ಲೈಕ್ ತರುತ್ತದೆ, ಕಡತ ತರುವುದಿಲ್ಲ.

ಇಷ್ಟು ಹೇಳಿ ನಮ್ಮವರನ್ನು ಬಿಟ್ಟರೆ ನಾವು ಕಪಟಿಗಳಾಗುತ್ತೇವೆ. ರಮಝಾನ್ ಬಂದರೆ ನಮ್ಮ ಜಮಾಅತುಗಳಲ್ಲಿ, ಯುವಕ ಸಂಘಗಳಲ್ಲಿ ಏನಾಗುತ್ತದೆ? ಒಂದು ಚೀಲ ಅಕ್ಕಿ, ಒಂದು ಪೊಟ್ಟಣ ಖರ್ಜೂರ. ಅದನ್ನು ಹಿಡಿಯಲು ಐದು ಕೈಗಳು, ಹಿಂದೆ ಬ್ಯಾನರು, ನಡುವೆ ಸೆರಗಿನಿಂದ ಮುಖ ಮರೆಮಾಡಲು ಹೆಣಗುವ ಒಬ್ಬ ವಿಧವೆ. ಉಪಕಾರವನ್ನು ಎತ್ತಿ ತೋರಿಸಿ, ನೋಯಿಸಿ, ನಿಮ್ಮ ದಾನಗಳನ್ನು ವ್ಯರ್ಥಗೊಳಿಸಬೇಡಿರೆಂದು ಸೂರಃ ಅಲ್ ಬಕರಃದಲ್ಲಿ ಅಲ್ಲಾಹನು ಎಚ್ಚರಿಸಿದ್ದಾನೆ. ಅದೇ ಸೂರಃದಲ್ಲಿ ಸ್ವಾಭಿಮಾನದಿಂದ ಯಾರನ್ನೂ ಕಾಡಿ ಬೇಡದ, ಅರಿಯದವರಿಗೆ ಅನುಕೂಲಸ್ಥರಂತೆಯೇ ಕಾಣುವ ಬಡವರ ಪ್ರಶಂಸೆಯಿದೆ. ಅವರನ್ನು ಲಕ್ಷಣದಿಂದ ಗುರುತಿಸಬೇಕೆಂಬುದು ಕುರ್‌ಆನಿನ ಪಾಠ. ನಾವು ಅವರನ್ನು ಫೇಸ್‌ಬುಕ್ಕಿನಲ್ಲಿ ಟ್ಯಾಗ್ ಮಾಡುತ್ತೇವೆ. ದಾನಿಗಳಿಗೆ ಲೆಕ್ಕ ತೋರಿಸಬೇಕು ಎಂಬ ಸಮಜಾಯಿಷಿ ಕೇಳಿಬರುತ್ತದೆ. ಲೆಕ್ಕಕ್ಕೆ ರಶೀದಿ ಸಾಕು, ವಿಧವೆಯ ಮುಖ ಬೇಕಿಲ್ಲ.

ಆದ್ದರಿಂದ ನಮ್ಮ ಮನೆಗಳ ಯುವಕ ಯುವತಿಯರಿಗೆ ನಾವು ಹೇಳುವುದಿಷ್ಟು. ಬೀದಿಯಲ್ಲಿ ಕಂಡವರಿಗೆ ಸಲಾಮ್ ಹೇಳಿ, ಕುಳಿತು ಮಾತಾಡಿ. ಮನುಷ್ಯರು ಮನುಷ್ಯರ ಮಾತು ಕೇಳುವುದು ಪುಣ್ಯದ ಕೆಲಸ. ಆ ಹೊತ್ತು ಮೊಬೈಲು ಜೇಬಿನಲ್ಲಿರಲಿ. ಬರೆಯಲೇಬೇಕು, ತೋರಿಸಲೇಬೇಕು ಎನಿಸಿದರೆ ಇದು ಎಲ್ಲಿ ಬರುತ್ತದೆ, ಯಾರೆಲ್ಲ ನೋಡುತ್ತಾರೆ ಎಂದು ಅವರ ಭಾಷೆಯಲ್ಲಿ ಬಿಡಿಸಿ ಹೇಳಿ. ಮನೆಯವರನ್ನು ಕೇಳಿಕೊಳ್ಳಲು ಒಂದು ದಿನ ಬಿಡಿ. ಪ್ರಕಟಿಸುವ ಮುನ್ನ ತೋರಿಸಿ, ಬೇಡವೆಂದರೆ ಅಳಿಸಿಬಿಡಿ. ಮಕ್ಕಳ ಮುಖ, ರೋಗಿಯ ಮುಖ, ಕೈಚಾಚಿದವರ ಮುಖ ಬೇಡವೇ ಬೇಡ. ಹೆಸರು ಹಾಕಲೇಬೇಕೆಂದಿದ್ದರೆ ಉತ್ತರ ಕೊಡಬೇಕಾದ ಕಚೇರಿಯ ಹೆಸರು ಹಾಕಿ.

ನೋಡುವ ನಮ್ಮ ಮೇಲೂ ಹೊಣೆಯಿದೆ. ಮನೆಯಲ್ಲಿ ಕುಟುಂಬದ ಗ್ರೂಪಿಗೆ ಅಂತಹ ವೀಡಿಯೋ ಬಂದಾಗ ಮುಂದೆ ಕಳುಹಿಸುವ ಬೆರಳನ್ನು ಒಂದು ಕ್ಷಣ ತಡೆಯಬೇಕು. ಆ ಮುಖ ನಮ್ಮ ತಂದೆಯದಾಗಿದ್ದರೆ ಕಳುಹಿಸುತ್ತಿದ್ದೆವೇ? ಒಬ್ಬ ಮುಸ್ಲಿಮನ ಮಾನವನ್ನು ಇಹದಲ್ಲಿ ಮರೆಮಾಡಿದವನ ಮಾನವನ್ನು ಅಲ್ಲಾಹನು ಇಹಪರಗಳೆರಡರಲ್ಲೂ ಮರೆಮಾಡುವನೆಂಬ ಪ್ರವಾದಿವರ್ಯರ(ಸ) ಶುಭವಾರ್ತೆ ನಮ್ಮೆಲ್ಲರಿಗೂ ತಿಳಿದದ್ದೇ. ಆ ದಿನ ನಮ್ಮ ಕಡತಗಳು ಬಿಚ್ಚುವಾಗ ನಮಗೂ ಒಂದು ಮರೆ ಬೇಕಾಗುತ್ತದೆ. ಅಲ್ಲಾಹನು ನಮ್ಮ ಕಣ್ಣುಗಳಿಗೆ ಹಯಾವನ್ನೂ, ಕಿವಿಗಳಿಗೆ ಅಮಾನತ್ತಿನ ಅರಿವನ್ನೂ, ಕೈಗಳಿಗೆ ಗುಟ್ಟಾಗಿ ಕೊಡುವ ಗುಣವನ್ನೂ ದಯಪಾಲಿಸಲಿ. ಆಮೀನ್.